ಕತ್ತಿ ಸೋಕದ ಮೈ

ದೊಡ್ಡೇರಿ,
12 ಜೂನ್ 2023

ಗೆಳೆಯ ಮಲ್ಲಿಕಾರ್ಜುನಯ್ಯನಿಗೆ ಬೋರಪ್ಪನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ. ಕ್ಷೇಮವಾಗಿದ್ದರೆ ಈ ಕಾಗದವನ್ನೇ ಬರೆಯುತ್ತಿರಲಿಲ್ಲ. ಫೋನು ಮಾಡಬಾರದಿತ್ತೇ ಎಂದು ನೀನು ಕೇಳುತ್ತೀಯ. ನನ್ನ ಹೆಂಡತಿ ಪುಟ್ಟಕ್ಕನಿಗೆ ಕಿವಿ ಮಂದವಾದ ಮೇಲೆ ನಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಒಳಗೆ ಹಲೋ ಎಂದರೆ ಎದುರಿನ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ತಿರುಗಿ ನೋಡುತ್ತಾರೆ. ನಾನು ಹೇಳಬೇಕಾದ್ದು ಡೇರಿಯ ಮುಂದೆ ಹೇಳುವ ಸಂಗತಿಯಲ್ಲ.

ಕೂರುವ ಜಾಗದಲ್ಲಿ ಗಂಟಾಗಿದೆ ಕಣಯ್ಯ. ಗುದದ್ವಾರದ ಪಕ್ಕದಲ್ಲೇ, ಎಡಗಡೆ. ಮೊದಲು ಹುಣಸೆಬೀಜದಷ್ಟಿತ್ತು, ಈಗ ಅಡಿಕೆಯಷ್ಟಾಗಿದೆ. ಮುಟ್ಟಿದರೆ ಬಿಸಿ. ಕೆಮ್ಮಿದರೆ ಕಣ್ಣಲ್ಲಿ ನೀರು. ಮೂವತ್ತೇಳು ವರ್ಷ ಅಂಚೆ ಚೀಲ ಹೊತ್ತು ಸೈಕಲ್ ತುಳಿದೆನಲ್ಲ, ಆ ಸೀಟು ರಿಟೈರಾದ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಎಂದುಕೊಂಡಿದ್ದೇನೆ. ಪುಟ್ಟಕ್ಕನಿಗೂ ಹೇಳಿಲ್ಲ. ಗೋಡೆಗೆ ಒರಗಿ ನಿಂತೇ ಊಟ ಮಾಡುತ್ತೇನೆ. "ಯಾಕ್ಲಾ ಇಂಗೆ ಎಮ್ಮೆ ನಿಂತಂಗೆ ನಿಂತ್ಕಂಡು ಉಣ್ತಿಯಾ" ಎಂದು ಊರಿಂದ ಬಂದಿದ್ದ ನನ್ನ ಅಕ್ಕ ನಿನ್ನೆ ಬೈದಳು.

ಮೂಲವ್ಯಾಧಿಗೆ ಮೂರು ತಲೆಮಾರಿನಿಂದ ಮದ್ದು ಕೊಡುವ ಮನೆ ನಿಮ್ಮದು. ಮಧುಗಿರಿ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದ ಗೆಳೆಯ ನೀನು. ನಿನ್ನನ್ನು ಬಿಟ್ಟು ಯಾರಿಗೆ ಹೇಳಲಿ? ಒಂದು ಪೊಟ್ಟಣ ಮದ್ದು ಅಂಚೆಯಲ್ಲಿ ಕಳಿಸು. ಹೊರಗೆ ಏನೆಂದು ಬರೆಯಬೇಡ. ಈಗ ನನ್ನ ಜಾಗಕ್ಕೆ ಬಂದಿರುವ ನಟರಾಜು ಒಳ್ಳೆಯವನೇ, ಆದರೆ ಪೊಟ್ಟಣ ಕಂಡರೆ ಮೂಸುವ ಅಭ್ಯಾಸ ಇದೆ. ಕಳಿಸಿದವರ ಹೆಸರೂ ಬೇಡ. ನನ್ನ ಹೆಸರಿನ ಕೊನೆಯ ಒತ್ತಿನ ಬಾಲವನ್ನು ಎಳೆದು ಇಡೀ ಹೆಸರಿಗೆ ಅಡಿಗೆರೆ ಹಾಕುವವನು ನೀನೊಬ್ಬನೇ. ಅಷ್ಟು ಸಾಕು ನನಗೆ.

ನಿನ್ನ,
ಬೋರಪ್ಪ


ಚನ್ನರಾಯನದುರ್ಗ,
17 ಜೂನ್ 2023

ಬೋರಾ, ಶರಣು.

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು. ಈ ನೋವು ಎಂಥದ್ದು ಎಂದು ನನಗೆ ಗೊತ್ತು. ಪ್ರತಿ ಭಾನುವಾರ ನಲವತ್ತು ಜನ ನನ್ನ ಜಗಲಿಯ ಮೇಲೆ ಕೂರಲಾಗದೆ ನಿಂತಿರುತ್ತಾರೆ.

ಮದ್ದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ಕೈಯಿಂದ ಕೈಗೇ ಕೊಡಬೇಕು. ಭಾನುವಾರ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬಾ. ಮಜ್ಜಿಗೆಯಲ್ಲಿ ಕಲಸಿ ಕೊಡುತ್ತೇನೆ. ಹೀಗೆ ಮೂರು ಭಾನುವಾರ. ದಕ್ಷಿಣೆ ಇಲ್ಲ, ಒಂದು ತೆಂಗಿನಕಾಯಿ ತಂದರೆ ಸಾಕು. ಕುಡಿದ ಮೇಲೆ ಎದ್ದು ಸುಮ್ಮನೆ ನಡೆಯಬೇಕು, "ಬರ್ತೀನಿ" ಎನ್ನಬಾರದು. ಹಾಗೆಂದರೆ ಕಾಯಿಲೆಯೂ ಬರುತ್ತದೆ ಎಂದು ನಮ್ಮಜ್ಜ ಹೇಳುತ್ತಿದ್ದರು. ನಿನಗೆ ಇದು ಕಷ್ಟ, ನೀನು ಹತ್ತು ಸಲ ಬರ್ತೀನಿ ಎಂದು ಹನ್ನೊಂದನೆಯ ಸಲ ಕೂತು ಕಾಫಿ ಕುಡಿಯುವವನು.

ಅಲ್ಲಿಯವರೆಗೆ ಪಥ್ಯ ಮಾಡು. ಖಾರ, ಬದನೆಕಾಯಿ, ಕೋಳಿ, ಕಡಲೆಕಾಯಿ ಮುಟ್ಟಬೇಡ. ನೀರು ಹೆಚ್ಚು ಕುಡಿ, ಸೊಪ್ಪು ತಿನ್ನು, ಕಕ್ಕಸಿನಲ್ಲಿ ತಿಣುಕಿ ಮುಕ್ಕಬೇಡ. ದಿನಕ್ಕೆ ಎರಡು ಸಲ ಅಗಲ ಬಾಣಲಿಯಲ್ಲಿ ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂರು. ಬಾಣಲಿ ಯಾಕೆ ಎಂದು ಪುಟ್ಟಕ್ಕ ಕೇಳಿದರೆ ಸೊಂಟನೋವು ಎನ್ನು.

ಒಂದು ಮಾತು ಮಾತ್ರ ಮರೆಯಬೇಡ. ಯಾರು ಏನೇ ಹೇಳಿದರೂ ಆಸ್ಪತ್ರೆಗೆ ಹೋಗಿ ಕುಯ್ಯಿಸಿಕೊಳ್ಳಬೇಡ. ಕುಡಿಯುವವನ ಮೈಗೂ ಕೊಡುವವನ ಮೈಗೂ ಕತ್ತಿ ಸೋಕಿರಬಾರದು ಎಂಬುದು ಅಜ್ಜ ಹಾಕಿದ ಕಟ್ಟು. ಸೋಕಿದರೆ ಮದ್ದು ಹತ್ತುವುದಿಲ್ಲ.

ಪುಷ್ಪಾವತಿ ನಿಮ್ಮಿಬ್ಬರನ್ನೂ ಕೇಳಿದ್ದಾಳೆ.

ಮಲ್ಲಿಕಾರ್ಜುನಯ್ಯ


ದೊಡ್ಡೇರಿ,
10 ಜುಲೈ 2023

ಗೆಳೆಯಾ,

ನಿನ್ನೆ ಮೂರನೆಯ ಭಾನುವಾರ. ನಾನು ಯಾಕೆ ಬರಲಿಲ್ಲ ಎಂದು ನೀನು ಕಾದಿರುತ್ತೀಯ.

ಮೊದಲ ಎರಡು ಸಲ ಬಂದಾಗ ಜಗಲಿಯ ತುಂಬ ಜನ, ನಿನ್ನ ಜೊತೆ ಮಾತಾಡಲು ಆಗಲೇ ಇಲ್ಲ. ಕೊರಟಗೆರೆಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಅರ್ಧ ಬಸ್ಸು ಖಾಲಿ. ಕಂಡಕ್ಟರು, "ಕೂತ್ಕಳಿ ಯಜಮಾನ್ರೆ, ಸೀಟ್ ಐತೆ" ಎಂದ. "ನಿಂತ್ರೆ ಸೊಂಟಕ್ಕೆ ಒಳ್ಳೇದು ಕಣಪ್ಪ" ಎಂದೆ. ಅವನು ನನ್ನ ಕೈಯಲ್ಲಿದ್ದ ತೆಂಗಿನಕಾಯಿ ನೋಡಿ, "ಓ, ದುರ್ಗದ ಅಯ್ನೋರ ತಾವ್ಕಾ" ಎಂದು ಮುಗುಳ್ನಕ್ಕ. ನಿನ್ನ ತೆಂಗಿನಕಾಯಿ ಇಡೀ ತಾಲ್ಲೂಕಿಗೆ ನಮ್ಮ ಗುಟ್ಟು ಸಾರುತ್ತದೆ ಎಂದು ಆಗ ಗೊತ್ತಾಯಿತು.

ಜಗಲಿಯಲ್ಲಿ ನನ್ನ ಪಕ್ಕ ಪಾವಗಡದ ಕಡೆಯ ಗಂಡಹೆಂಡತಿ ನಿಂತಿದ್ದರು, ಪೆದ್ದಣ್ಣ, ಕೆಂಚಮ್ಮ ಎಂದು. ಅವನಿಗೆ ವರ್ಷದಿಂದ ರಕ್ತ ಹೋಗುತ್ತಿದೆಯಂತೆ. "ನೊಪ್ಪಿ ಏನೂ ಇಲ್ಲ ಸಾಮಿ. ನೋವಿಲ್ಲ ಅಂತ ನಾವೂ ಸುಮ್ಕಿದ್ವಿ. ಮನಿಷಿ ಮಾತ್ರ ಇಳಿದೋಗವ್ನೆ" ಎಂದಳು ಆಕೆ. ಅವನ ಅಂಗಿ ಬೇರೆ ಯಾರದೋ ಅಂಗಿಯ ಹಾಗೆ ಜೋತಾಡುತ್ತಿತ್ತು. ಹತ್ತನೇ ಸಲವಂತೆ ನಿನ್ನ ಹತ್ತಿರ ಬಂದಿದ್ದು.

ಬಿಸಿನೀರಿನಲ್ಲಿ ಕೂತಾಗ ನನಗೆ ಹಾಯೆನಿಸುತ್ತಿತ್ತು. ಆದರೆ ಗಂಟು ನಿಲ್ಲಲಿಲ್ಲ, ಈಗ ನಿಂಬೆಹಣ್ಣಿನಷ್ಟಾಗಿದೆ. ಶನಿವಾರ ಚಳಿಜ್ವರ ಬಂತು. ಪುಟ್ಟಕ್ಕ ಬಿಡದೆ ಮಧುಗಿರಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ನೋಡಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಇಲ್ಲಿ ಗಂಟು ಬಂದ್ರೆ ಎಲ್ಲಾನೂ ಮೂಲವ್ಯಾಧಿ ಅಂದ್ಕೋಬೇಡಿ ಯಜಮಾನ್ರೆ. ಮಲಬದ್ಧತೆಯಿಂದ ಮುಕ್ಕಿ ಮುಕ್ಕಿ ನರ ಊದಿಕೊಂಡ್ರೆ ಅದು ಮೂಲವ್ಯಾಧಿ. ಅದರಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಪ್ರಾಣ ಹೋಗೋ ನೋವು, ಆದ್ರೆ ಎಷ್ಟೋ ಸಲ ಬಿಸಿನೀರು, ಪಥ್ಯದಲ್ಲೇ ಇಳಿಯುತ್ತೆ. ನಿಮ್ಮದು ಅದಲ್ಲ. ಒಳಗಿನ ಸಣ್ಣ ಗ್ರಂಥಿ ಕಟ್ಟಿಕೊಂಡು ಕೀವಾಗಿದೆ. ಕುಡಿಯೋ ಔಷಧಿ, ಮಾತ್ರೆ, ಇಷ್ಟರಿಂದಲೇ ಇದು ಹೋಗಲ್ಲ. ಕುಯ್ದು ಕೀವು ತೆಗೀಬೇಕು. ನಿಮಗೆ ಶುಗರ್ ಬೇರೆ ಇದೆ, ತಡ ಮಾಡಿದ್ರೆ ಕೀವು ಬೇರೆ ದಾರಿ ಕೊರ್ಕೊಳ್ಳುತ್ತೆ."

ನಾಳೆಯೇ ಬನ್ನಿ ಎಂದರು. ನಾನು ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ನಿನ್ನ ಕಟ್ಟು ನೆನಪಿತ್ತು.

ಈಗ ನಿನ್ನನ್ನು ವೈದ್ಯನೆಂದು ಕೇಳುತ್ತಿಲ್ಲ, ಗೆಳೆಯನೆಂದು ಕೇಳುತ್ತಿದ್ದೇನೆ. ಈ ಗಂಟು ನಿನಗೇ ಆಗಿದ್ದರೆ ಏನು ಮಾಡುತ್ತಿದ್ದೆ? ನೀನು ಏನು ಮಾಡುತ್ತಿದ್ದೆಯೋ ನಾನೂ ಅದನ್ನೇ ಮಾಡುತ್ತೇನೆ. ಬೇಗ ಬರೆ. ಜ್ವರ ಬಿಟ್ಟು ಬಿಟ್ಟು ಬರುತ್ತಿದೆ.

ಬೋರಪ್ಪ


ಚನ್ನರಾಯನದುರ್ಗ,
13 ಜುಲೈ 2023

ಬೋರಾ,

ನಿನ್ನ ಕಾಗದ ಈಗ ತಾನೇ ಬಂತು. ಟಪಾಲು ಹೋಗುವುದರೊಳಗೆ ನಾಲ್ಕು ಸಾಲು ಬರೆಯುತ್ತಿದ್ದೇನೆ.

ನನಗೇ ಆಗಿದ್ದರೂ ಕತ್ತಿ ಮುಟ್ಟಿಸುತ್ತಿರಲಿಲ್ಲ. ಡಾಕ್ಟರುಗಳಿಗೆ ಕುಯ್ಯುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಮೂರನೆಯ ಭಾನುವಾರ ತಪ್ಪಿದ್ದಕ್ಕೇ ಹೀಗಾಗಿರುವುದು. ಈ ಭಾನುವಾರ ಹೇಗಾದರೂ ಬಂದು ಕುಡಿದು ಹೋಗು, ಗಂಟು ತಾನಾಗಿ ಕರಗುತ್ತದೆ. ಧೈರ್ಯವಾಗಿರು.

ಮಲ್ಲಿಕಾರ್ಜುನಯ್ಯ


ಶಿರಾ,
2 ಆಗಸ್ಟ್ 2023

ಪೂಜ್ಯ ಅಯ್ಯನವರಿಗೆ ಬೋರಪ್ಪನವರ ಮಗಳು ಸ್ನೇಹಲತಾ ಮಾಡುವ ನಮಸ್ಕಾರಗಳು.

ಅಪ್ಪನಿಗೆ ಬರೆಯಲು ಆಗುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಮೂರನೆಯ ಸಲ ನಿಮ್ಮ ಮದ್ದು ಕುಡಿದು ಬಂದ ವಾರಕ್ಕೆ ಅಪ್ಪ ಮಾತು ತೊದಲಲು ಶುರುಮಾಡಿದರು. ಜ್ವರ ನೂರನಾಲ್ಕು. ಸಕ್ಕರೆ ಎಷ್ಟಿತ್ತು ಎಂದು ಬರೆದರೆ ನೀವು ನಂಬುವುದಿಲ್ಲ. ಶಿರಾದಲ್ಲಿ ನಮ್ಮ ಮನೆಯ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಅದೇ ದಿನ ಗಂಟು ಕುಯ್ದು ಕೀವು ತೆಗೆದರು. ಒಂದು ಲೋಟದಷ್ಟು ಬಂತು. ಈಗ ಪ್ರಾಣಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಆದರೆ ಕೀವು ಪಕ್ಕಕ್ಕೆ ಇನ್ನೊಂದು ದಾರಿ ಮಾಡಿಕೊಂಡಿದೆಯಂತೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಇದು ಆರಿದ ಮೇಲೆ ಎರಡನೆಯ ಆಪರೇಷನ್ ಬೇಕಾಗುತ್ತದೆ.

ಒಂದು ವಿಚಿತ್ರ ನಡೆಯಿತು. ಸೇರಿಸುವಾಗ ಕೌಂಟರಿನಲ್ಲಿ ಹೆಸರು, ಊರು ಹೇಳಿದೆ. ಅಲ್ಲಿದ್ದ ಲೋಹಿತಾ ಎಂಬ ಹುಡುಗಿ ಕಂಪ್ಯೂಟರ್ ನೋಡಿ, "ಇವ್ರು ಹಳೇ ಪೇಷಂಟು. ಮೂರು ವರ್ಷದ ಹಿಂದೆ ಇಲ್ಲೇ ಮೂಲವ್ಯಾಧಿ ಆಪರೇಷನ್ ಆಗೈತೆ. ಶುಗರ್ ಇಲ್ಲ ಅಂತೈತೆ" ಎಂದಳು. ನನ್ನಪ್ಪನಿಗೆ ಎಂಟು ವರ್ಷದಿಂದ ಶುಗರ್ ಎಂದು ನಾನು ಜಗಳವಾಡಿ ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರು ಅಪ್ಪನನ್ನು ಮಗ್ಗುಲಾಗಿಸಿ ನೋಡಿ, "ಹಳೇ ಗಾಯದ ಗುರುತೇ ಇಲ್ಲವಲ್ಲ" ಎಂದರು. ಬೇರೆ ಯಾರದೋ ಹೆಸರು ಸೇರಿಹೋಗಿರಬೇಕು. ಅಪ್ಪ ಸುಧಾರಿಸಿಕೊಂಡ ಮೇಲೆ ಆ ಹಳೆಯ ಫೈಲು ತರಿಸಿ ಎಂದು ಹಟ ಹಿಡಿದಿದ್ದಾರೆ.

ದಯವಿಟ್ಟು ಇನ್ನು ಮದ್ದು ಕೊಡಬೇಡಿ. ನಿಮ್ಮ ಮೇಲೆ ಗೌರವವಿಟ್ಟೇ ಹೇಳುತ್ತಿದ್ದೇನೆ.

ಇಂತಿ,
ಸ್ನೇಹಲತಾ


ಶಿರಾ,
11 ಸೆಪ್ಟೆಂಬರ್ 2023

ಶ್ರೀ ಮಲ್ಲಿಕಾರ್ಜುನಯ್ಯನವರಿಗೆ,

ಐವತ್ತು ವರ್ಷ ನೀನು ಎಂದವನು ಈಗ ನೀವು ಎಂದು ಬರೆಯುತ್ತಿದ್ದೇನೆ. ಗೌರವ ಹೆಚ್ಚಿತು ಎಂದು ತಿಳಿಯಬೇಡಿ. ಪರಿಚಯವಿಲ್ಲದವರನ್ನು ನಾನು ನೀವು ಎಂದೇ ಕರೆಯುವುದು.

ಮಗಳ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ನೋಡಲೂ ಬರಲಿಲ್ಲ. ನಾನು ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ, ದುರ್ಗದಿಂದ ಶಿರಾಕ್ಕೆ ಎಷ್ಟು ದೂರ, ಬಸ್ಸು ಸಿಗಲಿಲ್ಲವೇನೋ, ಪುಷ್ಪಾವತಿಗೆ ಹುಷಾರಿಲ್ಲವೇನೋ ಎಂದು ನಿಮ್ಮ ಪರವಾಗಿ ನಾನೇ ವಕೀಲಿಕೆ ಮಾಡುತ್ತಿದ್ದೆ. ಫೈಲು ಬಂದ ದಿನ ಆ ಕೆಲಸ ತಪ್ಪಿತು.

ಫೈಲಿನ ಮೇಲೆ ಬರೆದಿತ್ತು: ಬೋರಪ್ಪ ಬಿನ್ ಗಂಗಹನುಮಯ್ಯ, ದೊಡ್ಡೇರಿ, ವಯಸ್ಸು ಅರವತ್ಮೂರು. 2020ನೇ ಇಸವಿ ಡಿಸೆಂಬರ್ ತಿಂಗಳು. ಜೊತೆಗಿದ್ದವರು, ಹೆಂಡತಿ ಪುಟ್ಟಕ್ಕ. ಸತ್ತು ಮೂವತ್ತು ವರ್ಷವಾದ ನನ್ನಪ್ಪನ ಹೆಸರು ಶಿರಾದ ಆಸ್ಪತ್ರೆಯಲ್ಲಿ ಯಾರಿಗೆ ಗೊತ್ತು? ಪುಟ ತಿರುವಿದೆ. ಆಪರೇಷನ್ನಿಗೆ ಒಪ್ಪಿಗೆ ಇದೆ ಎಂದು ರೋಗಿ ಸಹಿ ಮಾಡುವ ಹಾಳೆ. ಕೆಳಗೆ ಬೋರಪ್ಪ ಎಂಬ ಸಹಿ. ಕೊನೆಯ ಒತ್ತಿನ ಬಾಲ ಎಳೆದು ಇಡೀ ಹೆಸರಿಗೆ ಅಡಿಗೆರೆ.

ನಾನು ಮೂವತ್ತೇಳು ವರ್ಷ ಅಂಚೆಯವನಾಗಿದ್ದೆ. ವಿಳಾಸ ಅಳಿಸಿಹೋದ ಕಾಗದವನ್ನೂ ಅಕ್ಷರ ನೋಡಿ ಯಾರ ಮನೆಯದೆಂದು ಹೇಳುತ್ತಿದ್ದೆ. ಯಾರ ಕೈಬರಹ ಮರೆತರೂ ನನ್ನ ಹೆಸರು ಬರೆಯುವ ನಿಮ್ಮ ಕೈಯನ್ನು ಮರೆಯುತ್ತೇನೆಯೇ? ನೂರಾರು ಲಕೋಟೆಗಳ ಮೇಲೆ ನೋಡಿದ್ದೇನೆ. ಲೋಹಿತಾ, "ಸಹಿ ನಿಮ್ದೇನಾ ತಾತ?" ಎಂದು ಕೇಳಿದಳು. ನಾನು ಹೌದಮ್ಮ ಎಂದೆ. ಅಷ್ಟು ಜನರ ಮುಂದೆ ನಿಮ್ಮ ಹೆಸರು ಹೇಳಲು ನಾಲಗೆ ಏಳಲಿಲ್ಲ. ನಿಮ್ಮ ಮಾನ ಕಾಯುವ ಅಭ್ಯಾಸ ನನಗೆ ಅಷ್ಟು ಹಳೆಯದು.

ಆ ಡಿಸೆಂಬರಿನಲ್ಲಿ ನೀವು ಶ್ರೀಶೈಲಕ್ಕೆ ಹೋಗಿದ್ದಿರಿ. ಹಾಗೆಂದು ನನಗೆ ಹೇಳಿದ್ದಿರಿ. ಬಂದ ಮೇಲೆ ಪ್ರಸಾದ ಎಂದು ಲಾಡು ಕೊಟ್ಟಿರಿ. ಪುಟ್ಟಕ್ಕ ಅದನ್ನು ದೇವರ ಮುಂದಿಟ್ಟು ಬೀದಿಗೆಲ್ಲ ಹಂಚಿದಳು. ಅದು ಶಿರಾದ ಯಾವ ಬೇಕರಿಯದು?

ನೀವು ಆಪರೇಷನ್ ಮಾಡಿಸಿಕೊಂಡಿರಿ ಎಂದು ನನಗೆ ಕೋಪವಿಲ್ಲ. ನೋವಾದರೆ ಯಾರಾದರೂ ಹೋಗುತ್ತಾರೆ. ನನ್ನ ಹೆಸರು ಹೇಳಿದಿರಿ, ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಜುಲೈನಲ್ಲಿ ಜ್ವರದಲ್ಲಿ ನಡುಗುತ್ತ ಕೇಳಿದೆನಲ್ಲ, ನಿನಗೇ ಆಗಿದ್ದರೆ ಏನು ಮಾಡುತ್ತಿದ್ದೆ ಎಂದು. ನಿಮಗೆ ಆಗಿತ್ತು. ನೀವು ಏನು ಮಾಡಿದಿರಿ ಎಂಬುದು ನಿಮಗೆ ಗೊತ್ತಿತ್ತು. ಕತ್ತಿಯಿಂದ ವಾಸಿಯಾದ ಮೈ ಹೊತ್ತು ಕೂತು, ಕತ್ತಿ ಮುಟ್ಟಿಸುತ್ತಿರಲಿಲ್ಲ ಎಂದು ಬರೆದಿರಿ. ನಾನು ಅದನ್ನು ನಂಬಿ ಹತ್ತು ದಿನ ಕೊಳೆತೆ. ಆಗಲೇ ಬಂದಿದ್ದರೆ ಸಣ್ಣ ಕುಯ್ತದಲ್ಲಿ ಬಹುಶಃ ಮುಗಿಯುತ್ತಿತ್ತು ಎಂದರು ಡಾಕ್ಟರು. ನಿಮ್ಮ ಫೈಲು ನೋಡಿ ಸಕ್ಕರೆ ಇಲ್ಲವೆಂದು ಅವರು ನಂಬಿಬಿಟ್ಟಿದ್ದರೆ ಈ ಕಾಗದವೂ ನಿಮಗೆ ಬರುತ್ತಿರಲಿಲ್ಲ.

ಗಾಯಕ್ಕೆ ಹೊಲಿಗೆ ಹಾಕಿಲ್ಲ, ಒಳಗಿನಿಂದ ಆರಬೇಕಂತೆ. ದಿನಾ ಟಬ್ಬಿನ ಬಿಸಿನೀರಿನಲ್ಲಿ ಕೂರುತ್ತೇನೆ. ಅದು ನೀವು ಹೇಳಿದ್ದೇ. ಅದೊಂದು ನಿಜ ಹೇಳಿದ್ದಿರಿ.

ಬೋರಪ್ಪ
(ಬಾಲವಿಲ್ಲದ ಸಹಿ)


ಚನ್ನರಾಯನದುರ್ಗ,
25 ಸೆಪ್ಟೆಂಬರ್ 2023

ಬೋರಾ,

ನೀನು ಏನೆಂದು ಕರೆದರೂ ನನಗೆ ನೀನು ಬೋರನೇ. ಎರಡು ವಾರ ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ.

ನಡೆದದ್ದು ಹೇಳುತ್ತೇನೆ. ಆ ಸಲ ನನಗೆ ಗಂಟು ಹೊರಬಂದು ಒಳಗೆ ಹೋಗದೆ ನಿಂತುಬಿಟ್ಟಿತು. ನನ್ನ ಮದ್ದನ್ನೇ ಎಂಟು ದಿನ ಕುಡಿದೆ. ಏನೂ ಆಗಲಿಲ್ಲ. ಒಂದು ಬೆಳಗ್ಗೆ ಬಚ್ಚಲಿನಲ್ಲಿ ಜ್ಞಾನ ತಪ್ಪಿ ಬಿದ್ದೆ. "ನಿಮ್ಮಜ್ಜನ ಕಟ್ಟು ಹಾಳಾಗೋಗ್ಲಿ, ನಡೀರಿ" ಎಂದು ಪುಷ್ಪಾವತಿ ಕಾರು ಕರೆಸಿದಳು. ಕೊರಟಗೆರೆ, ಮಧುಗಿರಿಯಲ್ಲಿ ಗುರುತು ಹಿಡಿಯುತ್ತಾರೆ ಎಂದು ಶಿರಾಕ್ಕೆ ಹೋದೆವು. ಎಲ್ಲರೂ ಮಾಸ್ಕ್ ಹಾಕುತ್ತಿದ್ದ ಕಾಲ. ಹಣೆಯ ವಿಭೂತಿ ಒರೆಸಿಕೊಂಡು ಒಳಗೆ ಹೋದೆ. ಹೆಸರೇನು ಎಂದು ಕೇಳಿದರು. ಮೂಲವ್ಯಾಧಿಗೆ ಮದ್ದು ಕೊಡುವವನು ಮೂಲವ್ಯಾಧಿಗೆ ಬಂದು ಮಲಗಿದ ಎಂದಾದರೆ ಮುಂದಿನ ಭಾನುವಾರ ನನ್ನ ಜಗಲಿಗೆ ಯಾರು ಬರುತ್ತಾರೆ? ಬಾಯಿಗೆ ನಿನ್ನ ಹೆಸರು ಬಂತು. ನನ್ನ ಹೆಸರು ಬಿಟ್ಟರೆ ನಾನು ಅತಿ ಹೆಚ್ಚು ಸಲ ಹೇಳಿರುವ ಹೆಸರು ಅದು. ತಂದೆಯ ಹೆಸರು ಕೇಳಿದರು, ಅದೂ ಬಂತು. ಪುಷ್ಪಾವತಿ ನಾಲ್ಕು ದಿನ ಪುಟ್ಟಕ್ಕ ಎಂದು ಕರೆಸಿಕೊಂಡು ಅತ್ತಳು.

ಜುಲೈನಲ್ಲಿ ನಿನ್ನ ಪ್ರಶ್ನೆ ಬಂದಾಗ ನಿಜ ಬರೆಯಲು ಕೂತಿದ್ದೆ. ಕುಯ್ಯಿಸಿಕೋ ಎಂದು ಬರೆದರೆ, ನಿನಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತೀಯ. ಟಪಾಲಿಗೆ ಹೊತ್ತಾಗುತ್ತಿತ್ತು. ಸುಳ್ಳು ಬೇಗ ಬರೆಯಬಹುದಿತ್ತು, ಬರೆದೆ. ನಿನ್ನದು ಕೀವಿನ ಗಂಟು ಎಂದು ನನಗೆ ತಿಳಿಯಲಿಲ್ಲ ಬೋರಾ. ನನಗೆ ಎಲ್ಲ ಗಂಟೂ ಒಂದೇ. ಅಜ್ಜ ಹೇಳಿಕೊಟ್ಟಿದ್ದು ಒಂದೇ ಮದ್ದು.

ನನ್ನನ್ನು ಕ್ಷಮಿಸು. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ. ನನ್ನ ಮನೆತನದ ಹೆಸರು ನಿನ್ನ ಕೈಯಲ್ಲಿದೆ.

ನಿನ್ನ,
ಮಲ್ಲಿಕಾರ್ಜುನಯ್ಯ


ದೊಡ್ಡೇರಿ,
9 ಅಕ್ಟೋಬರ್ 2023

ಶ್ರೀ ಮಲ್ಲಿಕಾರ್ಜುನಯ್ಯನವರಿಗೆ,

ನಿಮ್ಮ ಮನೆತನದ ಹೆಸರು ನನ್ನ ಕೈಯಲ್ಲಿದೆ ಎಂದು ಬರೆದಿದ್ದೀರಿ. ನನ್ನ ಮನೆತನದ ಹೆಸರು ಮೂರು ವರ್ಷ ನಿಮ್ಮ ಕೈಯಲ್ಲಿತ್ತು. ಅದನ್ನು ಎಲ್ಲಿ ಕೂರಿಸಿದಿರಿ ಎಂದು ನೋಡಿದೆ.

ಮೊನ್ನೆ ಡ್ರೆಸ್ಸಿಂಗಿಗೆ ಶಿರಾಕ್ಕೆ ಹೋದಾಗ ಬೆಂಚಿನ ಮೇಲೆ ಕೆಂಚಮ್ಮ ಕೂತಿದ್ದಳು. ನಿಮ್ಮ ಜಗಲಿಯಲ್ಲಿ ನನ್ನ ಪಕ್ಕ ನಿಂತಿದ್ದ ಪಾವಗಡದ ಹೆಂಗಸು. ಪೆದ್ದಣ್ಣನಿಗೆ ಮೂಲವ್ಯಾಧಿ ಅಲ್ಲವಂತೆ. ಕರುಳಿನ ಕೊನೆಯಲ್ಲಿ ಕ್ಯಾನ್ಸರು. ವಯಸ್ಸಾದವರಿಗೆ ರಕ್ತ ಹೋದರೆ ನೋವಿಲ್ಲದಿದ್ದರೂ ಮೊದಲೇ ತೋರಿಸಬೇಕು ಎಂದು ಡಾಕ್ಟರು ಅವಳಿಗೆ ಹೇಳುತ್ತಿದ್ದರು. ಬೆಂಗಳೂರಿಗೆ ಕಳಿಸಿದ್ದಕ್ಕೆ ಅಲ್ಲಿಯವರು ತಡವಾಯಿತು ಎಂದು ವಾಪಸ್ ಕಳಿಸಿದ್ದಾರೆ. "ಅಯ್ನೋರು ಕತ್ತಿ ಬ್ಯಾಡ ಅಂದ್ರು ಸಾಮಿ. ಅವ್ರ ಮಾತು ಮೀರಾದೆಂಗೆ?" ಎಂದಳು. ನಾನು ಅವಳ ಮುಖ ನೋಡಲಾಗದೆ ಗೋಡೆ ನೋಡುತ್ತ ನಿಂತೆ. ನಿಮ್ಮ ಗುಟ್ಟು ಆಗಲೂ ನನ್ನ ಬಾಯಲ್ಲಿ ಇತ್ತು. ನೀವು ಮಾಡಿದ್ದರಲ್ಲಿ ನನ್ನನ್ನೂ ಪಾಲುದಾರನನ್ನಾಗಿ ಮಾಡಿದಿರಿ.

ನನ್ನ ಕ್ಷಮೆ ಕೇಳಬೇಡಿ. ಒಂದು ಭಾನುವಾರ ಜಗಲಿಯ ಮೇಲೆ ನಿಂತು, ನಿಮ್ಮ ಸ್ವಂತ ಹೆಸರಿನಲ್ಲಿ, ನಡೆದದ್ದನ್ನು ಹೇಳಿ. ಹೇಳಿದರೆ ಜನರ ಬಾಯಿಂದ ನನಗೆ ತಲುಪುತ್ತದೆ. ನೀವು ಬರೆದು ತಿಳಿಸಬೇಡಿ. ಆ ಕೈ ಏನೇನು ಬರೆಯುತ್ತದೆ ಎಂದು ನೋಡಿದ್ದೇನೆ. ಬರೆದರೆ ನಾನು ಒಡೆಯುವುದಿಲ್ಲ.

ಬರುತ್ತೇನೆ ಎಂದು ಹೇಳುವುದಿಲ್ಲ. ಅದು ನಿಮ್ಮ ಜಗಲಿಯ ರೂಢಿಯೇ ಅಲ್ಲವೇ.

ಬೋರಪ್ಪ


ಚನ್ನರಾಯನದುರ್ಗ,
30 ಅಕ್ಟೋಬರ್ 2023

ಬೋರಾ,

ಬರೆಯಬೇಡ ಎಂದಿದ್ದೆ. ಬರೆಯದೆ ಇರಲು ಆಗಲಿಲ್ಲ.

ಎರಡು ಭಾನುವಾರ ಬಾಯಿ ತೆರೆಯಲು ಹೋಗಿ ಸುಮ್ಮನಾದೆ. ನಿನ್ನೆ ಹೇಳಿದೆ. ನಲವತ್ತಕ್ಕೂ ಹೆಚ್ಚು ಜನರಿದ್ದರು. ಮಜ್ಜಿಗೆಯ ಪಾತ್ರೆ ಹೊರಗೆ ತರಲೇ ಇಲ್ಲ. "ನನಗೂ ಈ ಕಾಯಿಲೆ ಬಂದಿತ್ತು. ನನ್ನ ಮದ್ದು ನನಗೆ ಹಿಡಿಯಲಿಲ್ಲ. ಶಿರಾದಲ್ಲಿ ಆಪರೇಷನ್ ಮಾಡಿಸ್ಕೊಂಡು ವಾಸಿಯಾದೆ. ನಿಮಗೆಲ್ಲ ಕತ್ತಿ ಬೇಡ ಅಂದಿದ್ದು ಸುಳ್ಳು. ಪಥ್ಯ, ಬಿಸಿನೀರು ಒಳ್ಳೇದು, ಅದನ್ನ ಬಿಡಬೇಡಿ. ಆದ್ರೆ ಜ್ವರ ಬಂದ್ರೆ, ಕೀವಾದ್ರೆ, ರಕ್ತ ಹೋದ್ರೆ ಇಲ್ಲಿಗೆ ಬರಬೇಡಿ, ಡಾಕ್ಟರ ಹತ್ರ ಹೋಗಿ" ಎಂದೆ. ಕಂಬ ಹಿಡಿದುಕೊಂಡೇ ಹೇಳಿದೆ.

ಒಬ್ಬ, "ಆಯ್ತು ಬುಡಿ ಅಯ್ನೋರೆ, ದೂರದಿಂದ ಬಂದಿವಿ, ಒಂದ್ ಲೋಟ ಕೊಡಿ" ಎಂದ. ಇನ್ನೊಬ್ಬ ಉಗಿದು ಹೋದ. ಅದನ್ನೆಲ್ಲ ತಡೆದುಕೊಂಡೆ.

ಕೆಂಚಮ್ಮ ಬಂದಿದ್ದಳು. ಪೆದ್ದಣ್ಣ ಹಾಸಿಗೆ ಬಿಟ್ಟು ಏಳುತ್ತಿಲ್ಲವಂತೆ. ಆದರೂ ನನ್ನ ಮದ್ದು ಒಂದು ಗುಟುಕು ಹಾಕಿದರೆ ನೋವು ತಗ್ಗೀತು ಎಂದು ಮೂರು ಬಸ್ಸು ಬದಲಿಸಿ ಬಂದಿದ್ದಳು. ಎಲ್ಲ ಕೇಳಿದ ಮೇಲೆ ಹತ್ತಿರ ಬಂದು, "ಈ ಮಾತು ಹೋದ ವರ್ಸ ಅಂದಿದ್ರೆ ಏನ್ ಪೋತುಂಡೆ, ಏನ್ ಹೋಗ್ತಿತ್ತು ಸಾಮಿ ನಿಮ್ದು?" ಎಂದಳು. ಜೋರಾಗಿ ಅಲ್ಲ, ಮೆಲ್ಲಗೆ. ಬಾಗಿಲ ಪಕ್ಕ ಇಟ್ಟಿದ್ದ ತನ್ನ ತೆಂಗಿನಕಾಯಿಯನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಮ್ಮ ಮನೆಗೆ ತಂದ ಕಾಯಿಯನ್ನು ಯಾರೂ ವಾಪಸ್ ತೆಗೆದುಕೊಂಡು ಹೋದದ್ದಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಇಂದು ಬೆಳಗ್ಗೆ ಶಿರಾಕ್ಕೆ ಹೋಗಿಬಂದೆ. ಆ ನರ್ಸಿಂಗ್ ಹೋಮಿನಲ್ಲಿ ನನ್ನ ಆಧಾರ್ ಕಾರ್ಡು ತೋರಿಸಿ, ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಈ ಸಲ ಹಣೆಯ ವಿಭೂತಿ ಒರೆಸಿಕೊಳ್ಳಲಿಲ್ಲ. ಡಾಕ್ಟರು ಬೈದರು, ಪೊಲೀಸಿಗೆ ದೂರು ಕೊಡಬಹುದು ಎಂದರು. ಕೊಡಿ ಎಂದೆ. ಕೊನೆಗೆ ಹಳೆಯ ಫೈಲಿನಲ್ಲಿ ನಿನ್ನ ಹೆಸರು, ನಿನ್ನ ತಂದೆಯ ಹೆಸರು, ಪುಟ್ಟಕ್ಕನ ಹೆಸರು ಹೊಡೆಸಿ ನಮ್ಮದು ಬರೆಸಿದೆ. ನಿನ್ನ ಎರಡನೆಯ ಆಪರೇಷನ್ನಿಗೆ ಹೋದಾಗ ಯಾರೂ ನಿನ್ನನ್ನು ಹಳೇ ಪೇಷಂಟು ಎನ್ನುವುದಿಲ್ಲ. ಈಗ ಆ ಆಸ್ಪತ್ರೆಯಲ್ಲಿ ಬೋರಪ್ಪ ಬಿನ್ ಗಂಗಹನುಮಯ್ಯ ಒಬ್ಬನೇ ಇದ್ದಾನೆ. ಅದು ನೀನು.

ಲಕೋಟೆಯ ಮೇಲೆ ನಿನ್ನ ಹೆಸರು ಬರೆಯುವಾಗ ಕೈ ತಾನಾಗಿ ಬಾಲ ಎಳೆದುಬಿಟ್ಟಿತು. ಅಳಿಸಲು ಹೋದೆ, ಇನ್ನೂ ಕೆಟ್ಟದಾಗಿ ಕಂಡಿತು. ಹಾಗೇ ಬಿಟ್ಟಿದ್ದೇನೆ.

ಮಲ್ಲಿಕಾರ್ಜುನಯ್ಯ


(ಈ ಕಾಗದ ಹನ್ನೊಂದು ದಿನಗಳ ನಂತರ ಚನ್ನರಾಯನದುರ್ಗಕ್ಕೆ ಹಿಂದಿರುಗಿತು. ಲಕೋಟೆಯ ಅಂಟು ಬಿಚ್ಚಿರಲಿಲ್ಲ. ವಿಳಾಸದ ಮೇಲೆ ಕೆಂಪು ಶಾಯಿಯಲ್ಲಿ, ಬೋರಪ್ಪನ ಕೈಬರಹದಲ್ಲಿ ಹೀಗಿತ್ತು:)

ಈ ಹೆಸರಿನವರು ಇಬ್ಬರಿದ್ದಾರೆ. ಯಾರಿಗೆಂದು ತಿಳಿಯುವುದಿಲ್ಲ. ಕಳುಹಿಸಿದವರಿಗೆ ವಾಪಸ್.